ಅಂಟಿನ ಭಯ, ನಂಟಿನ ಬಯಕೆ

ಕಣ್ಣು ದೂರದ ಬೆಟ್ಟವನ್ನು ಕಾಣಬಲ್ಲದು. ಕಿವಿ ಗೋಡೆಯಾಚೆಗಿನ ದನಿಯನ್ನು ಕೇಳಬಲ್ಲದು. ಮೂಗು ಗಾಳಿಯಲ್ಲಿ ತೇಲಿಬಂದ ಗಂಧವನ್ನು ಗುರುತಿಸಬಲ್ಲದು. ಈ ಇಂದ್ರಿಯಗಳಿಗೆ ಎದುರಿನವರ ಒಪ್ಪಿಗೆ ಬೇಕಿಲ್ಲ; ನಾವು ದೂರದಲ್ಲಿದ್ದುಕೊಂಡೇ ಲೋಕವನ್ನು ಅರಿಯಬಹುದು. ಸ್ಪರ್ಶಕ್ಕೆ ಮಾತ್ರ ಈ ಸೌಲಭ್ಯವಿಲ್ಲ. ಮತ್ತೊಬ್ಬರ ಕೈಯನ್ನು ಮುಟ್ಟುವಾಗ ಅವರ ಕೈಯೂ ನಮ್ಮನ್ನು ಮುಟ್ಟುತ್ತದೆ. ಹುಟ್ಟಿದ ಮಗು ತಾಯಿಯ ಮುಖವನ್ನು ಸ್ಪಷ್ಟವಾಗಿ ಕಾಣುವ ಮೊದಲೇ ಅವಳ ಮೈಯ ಬಿಸುಪನ್ನು ಅರಿಯುತ್ತದೆ. ಆದುದರಿಂದಲೇ ನಮ್ಮ ನುಡಿಯಲ್ಲಿ ಒಳ್ಳೆಯ ಮಾತು ಮನಸ್ಸನ್ನು ‘ಮುಟ್ಟುತ್ತದೆ’. ಕೆಟ್ಟ ಮಾತು ಮನಸ್ಸಿಗೆ ‘ತಾಕುತ್ತದೆ’.

ಈ ಇಂದ್ರಿಯಕ್ಕೂ ನಮ್ಮ ನಂಬಿಕೆಗಳಿಗೂ ಇರುವ ಸಂಬಂಧವನ್ನು ಕುಷ್ಠರೋಗದಷ್ಟು ಸ್ಪಷ್ಟವಾಗಿ ತೋರಿಸುವ ವಿಷಯ ಮತ್ತೊಂದಿರಲಾರದು. ಈ ರೋಗವು ಮನುಷ್ಯನಿಂದ ಸ್ಪರ್ಶವನ್ನು ಎರಡು ಬಾರಿ ಕಸಿದುಕೊಳ್ಳುತ್ತದೆ. ಮೊದಲನೆಯದನ್ನು ಕಸಿಯುವುದು ರೋಗಾಣು. ಎರಡನೆಯದನ್ನು ಕಸಿಯುವವರು ನಾವು.

ಕುಷ್ಠರೋಗವು ಪೂರ್ವಜನ್ಮದ ಪಾಪದ ಫಲವೆಂದು, ದೈವಶಾಪವೆಂದು, ವಂಶದಿಂದ ಬರುವುದೆಂದು ಜನರು ಬಹುಕಾಲದಿಂದ ನಂಬಿದ್ದರು. 1873ರಲ್ಲಿ ನಾರ್ವೆ ದೇಶದ ವೈದ್ಯ ಗೆರ್ಹಾರ್ಡ್ ಹ್ಯಾನ್ಸನ್ ಅವರು ಇದಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದರು. ಇದು ಬಹು ನಿಧಾನವಾಗಿ ಬೆಳೆಯುವ ಜೀವಿ. ದೇಹವನ್ನು ಸೇರಿದ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷಗಳೇ ಹಿಡಿಯಬಹುದು. ಚಿಕಿತ್ಸೆ ಪಡೆಯದ ರೋಗಿಯೊಡನೆ ದೀರ್ಘಕಾಲ ನಿಕಟವಾಗಿ ಬಾಳಿದವರಿಗೆ, ಮುಖ್ಯವಾಗಿ ಮೂಗು ಬಾಯಿಗಳಿಂದ ಹೊರಬೀಳುವ ಹನಿಗಳ ಮೂಲಕ ಇದು ಹರಡುತ್ತದೆ. ಕೈ ಕುಲುಕುವುದರಿಂದಾಗಲಿ, ಅಪ್ಪಿಕೊಳ್ಳುವುದರಿಂದಾಗಲಿ, ಪಕ್ಕದಲ್ಲಿ ಕುಳಿತು ಉಣ್ಣುವುದರಿಂದಾಗಲಿ ಇದು ಅಂಟುವುದಿಲ್ಲ. ಬಹುಪಾಲು ಜನರ ದೇಹದಲ್ಲಿ ಇದನ್ನು ಎದುರಿಸುವ ಶಕ್ತಿ ಸಹಜವಾಗಿಯೇ ಇದೆ.

ಈ ರೋಗಾಣುವಿಗೆ ದೇಹದ ತಂಪಾದ ಭಾಗಗಳು ಹಿತ. ಆದ್ದರಿಂದ ಅದು ಚರ್ಮದಲ್ಲಿಯೂ ಚರ್ಮಕ್ಕೆ ಸಮೀಪದ ನರಗಳಲ್ಲಿಯೂ ನೆಲೆಸುತ್ತದೆ. ನರಗಳು ಹಾಳಾದಂತೆ ಬಿಸಿ, ತಂಪು, ನೋವು, ಮುಟ್ಟುವಿಕೆ ಒಂದೊಂದಾಗಿ ಮರೆಯಾಗುತ್ತವೆ. ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆಂಬುದು ಇಂದಿಗೂ ಅನೇಕರ ನಂಬಿಕೆ. ಇದು ನಿಜವಲ್ಲ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ರೋಗಿಗಳ ದಿನಚರಿಯನ್ನು ತಾಳ್ಮೆಯಿಂದ ಗಮನಿಸಿ, ಬೆರಳುಗಳು ನಷ್ಟವಾಗುವುದಕ್ಕೆ ನೋವಿನ ಅರಿವು ಇಲ್ಲದಿರುವುದೇ ಕಾರಣವೆಂದು ತೋರಿಸಿಕೊಟ್ಟರು. ಒಲೆಯ ಮೇಲಿನ ಕಾದ ಪಾತ್ರೆಯನ್ನು ಹಿಡಿದರೂ ಸುಡುವುದು ತಿಳಿಯದು. ಮುಳ್ಳು ಚುಚ್ಚಿದರೂ ಕಾಲು ನಡೆಯುತ್ತಲೇ ಇರುತ್ತದೆ. ಗಾಯ ಕೀವಾದರೂ ಕೆಲಸ ನಿಲ್ಲದು. ರಾತ್ರಿ ಮಲಗಿದ ರೋಗಿಗಳ ಬೆರಳುಗಳನ್ನು ಇಲಿಗಳು ಕಡಿಯುತ್ತಿದ್ದುದು ತಿಳಿದಾಗ, ಆಸ್ಪತ್ರೆಯಿಂದ ಮನೆಗೆ ಹೋಗುವವರ ಜೊತೆಗೆ ಬೆಕ್ಕನ್ನು ಕಳುಹಿಸುವ ಉಪಾಯವನ್ನೂ ಅಲ್ಲಿ ಮಾಡಲಾಯಿತು. ನಾವು ಶಾಪವೆಂದು ಭಾವಿಸುವ ನೋವು ದೇಹಕ್ಕೆ ಎಂತಹ ಕಾವಲುಗಾರನೆಂಬುದು ಇದರಿಂದ ತಿಳಿಯುತ್ತದೆ.

ಬ್ರಾಂಡ್ ಅವರು ತಮ್ಮ ಬರಹದಲ್ಲಿ ಒಂದು ಘಟನೆಯನ್ನು ನೆನೆದಿದ್ದಾರೆ. ಒಮ್ಮೆ ತರುಣ ರೋಗಿಯೊಬ್ಬನ ಹೆಗಲ ಮೇಲೆ ಕೈಯಿಟ್ಟು ಚಿಕಿತ್ಸೆಯ ಬಗ್ಗೆ ವಿವರಿಸುತ್ತಿದ್ದಾಗ ಆತ ಬಿಕ್ಕಿ ಬಿಕ್ಕಿ ಅಳತೊಡಗಿದ. ತಾವೇನಾದರೂ ತಪ್ಪು ಮಾತನಾಡಿದೆವೇ ಎಂದು ವೈದ್ಯರು ಕೇಳಿದರು. ಜೊತೆಗಿದ್ದವರು ವಿಚಾರಿಸಿ ತಿಳಿಸಿದ್ದಿಷ್ಟು: ಬಹಳ ವರ್ಷಗಳಿಂದ ಆತನನ್ನು ಯಾರೂ ಮುಟ್ಟಿರಲಿಲ್ಲ, ಹೆಗಲ ಮೇಲಿನ ಆ ಕೈಯೇ ಅಳುವಿಗೆ ಕಾರಣ.

ಈ ಘಟನೆಯನ್ನು ಓದಿದಾಗ ನಮಗೆ ತೋರುವುದು ಇದು. ಆತನ ಕೈಬೆರಳುಗಳಲ್ಲಿ ಸ್ಪರ್ಶಜ್ಞಾನ ನಂದಿದ್ದಿರಬಹುದು. ಆದರೆ ಮತ್ತೊಬ್ಬರಿಗೆ ಸೇರಿದವನಾಗಬೇಕೆಂಬ ಹಂಬಲ ನಂದಿರಲಿಲ್ಲ. ಹಸಿವಿನಂತೆ, ಬಾಯಾರಿಕೆಯಂತೆ ಅದೂ ಮನುಷ್ಯನ ಮೂಲಭೂತ ಅಗತ್ಯ. ಕನ್ನಡದಲ್ಲಿ ‘ಅಂಟು’ ಎಂಬುದಕ್ಕೂ ‘ನಂಟು’ ಎಂಬುದಕ್ಕೂ ಒಂದೇ ಅಕ್ಷರದ ಅಂತರ. ಅಂಟಿನ ಭಯದಿಂದ ನಾವು ನಂಟನ್ನು ಕಡಿದುಹಾಕಿದೆವು.

ಈ ಭಯವು ಕಾನೂನಿನಲ್ಲಿಯೂ ಮನೆಮಾಡಿತ್ತು. ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶ ನೀಡಿದ್ದ 1898ರ ಕಾಯಿದೆಯನ್ನು ನಮ್ಮ ದೇಶ ರದ್ದುಪಡಿಸಿದ್ದು 2016ರಲ್ಲಿ. ಕುಷ್ಠರೋಗವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿ ಪರಿಗಣಿಸುವ ನಿಯಮವನ್ನು ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಿದ್ದು 2019ರಲ್ಲಿ. ಔಷಧಿಯಾದರೋ ಬಹಳ ಮೊದಲೇ ಬಂದಿತ್ತು. ಹಲವು ಔಷಧಿಗಳನ್ನು ಒಟ್ಟಾಗಿ ನೀಡುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿಯೇ ಶಿಫಾರಸು ಮಾಡಿತ್ತು. ಆರು ಅಥವಾ ಹನ್ನೆರಡು ತಿಂಗಳು ಔಷಧಿ ಸೇವಿಸಿದರೆ ರೋಗ ಗುಣವಾಗುತ್ತದೆ. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ. ರೋಗಾಣುವನ್ನು ಗೆಲ್ಲುವುದಕ್ಕಿಂತ ನಂಬಿಕೆಯನ್ನು ಗೆಲ್ಲುವುದು ಕಷ್ಟವಾಯಿತು.

ಇದು ಮುಗಿದುಹೋದ ಕಥೆಯೆಂದು ಯಾರೂ ತಿಳಿಯಬಾರದು. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠರೋಗ ನಿವಾರಣೆಯ ಗುರಿಯನ್ನು ಭಾರತ 2005ರ ಕೊನೆಗೆ ತಲುಪಿತು. ಆದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ದೇಶದವರೇ ಆಗಿದ್ದಾರೆ. ಮೈಮೇಲೆ ಮಚ್ಚೆ ಕಂಡರೂ ಅನೇಕರು ಅದನ್ನು ಬಟ್ಟೆಯ ಮರೆಯಲ್ಲಿ ಮುಚ್ಚಿಡುತ್ತಾರೆ. ಮಗಳ ಮದುವೆ ನಿಂತೀತು, ಊರವರು ದೂರವಿಟ್ಟಾರು ಎಂಬ ಅಂಜಿಕೆ ಅವರಿಗೆ. ಹೀಗೆ ಮುಚ್ಚಿಟ್ಟ ತಿಂಗಳುಗಳಲ್ಲಿಯೇ ನರಗಳು ಹಾಳಾಗುತ್ತವೆ. ರೋಗಾಣುವನ್ನು ಔಷಧಿ ಕೊಲ್ಲಬಲ್ಲದು. ಬಹುಕಾಲ ಹಾಳಾದ ನರವನ್ನು ಅದು ಮರಳಿ ಕೊಡಲಾರದು. ಎಂದ ಮೇಲೆ ವ್ಯಕ್ತಿಯನ್ನು ಅಂಗವಿಕಲನನ್ನಾಗಿಸುವುದರಲ್ಲಿ ರೋಗಾಣುವಿನ ಪಾಲಿನಷ್ಟೇ ನಮ್ಮ ತಿರಸ್ಕಾರದ ಪಾಲೂ ಇದೆ.

ಭಯಪಟ್ಟವನೂ ಬದಲಾಗಬಲ್ಲನೆಂಬುದಕ್ಕೆ ಬಾಬಾ ಆಮ್ಟೆ ಅವರ ಬಾಳೇ ಸಾಕ್ಷಿ. ವಕೀಲರಾಗಿದ್ದ ಅವರು ಒಮ್ಮೆ ಮಳೆಯಲ್ಲಿ ನೆನೆಯುತ್ತ ಬಿದ್ದಿದ್ದ ಕುಷ್ಠರೋಗಿಯನ್ನು ಕಂಡು ಹೆದರಿ ಓಡಿದರು. ಆ ಓಟವೇ ಅವರನ್ನು ಕಾಡಿತು. ಹಿಂದಿರುಗಿ ಬಂದು ಆತನ ಆರೈಕೆ ಮಾಡಿದರು. ಮುಂದೆ 1949ರಲ್ಲಿ ಮಹಾರಾಷ್ಟ್ರದ ವರೋರಾ ಬಳಿ ಆನಂದವನವನ್ನು ಕಟ್ಟಿದರು. ಅಲ್ಲಿ ರೋಗಿಗಳು ಭಿಕ್ಷೆ ಬೇಡದೆ ಬೇಸಾಯ, ನೇಯ್ಗೆ ಮುಂತಾದ ಕಾಯಕಗಳಿಂದ ಬದುಕಿದರು. ಕರುಣೆಯ ಅನ್ನಕ್ಕಿಂತ ದುಡಿದು ಉಣ್ಣುವ ಅನ್ನದಲ್ಲಿ ‘ನಾನು ಈ ಸಮಾಜಕ್ಕೆ ಸೇರಿದವನು’ ಎಂಬ ಭಾವ ಹೆಚ್ಚು.

ಶರಣತತ್ತ್ವದಲ್ಲಿ ಪಂಚೇಂದ್ರಿಯಗಳೊಡನೆ ಹೃದಯವನ್ನೂ ಸೇರಿಸಿ, ಒಂದೊಂದಕ್ಕೂ ಒಂದೊಂದು ಲಿಂಗವನ್ನು ಹೇಳಲಾಗಿದೆ. ಅದರಂತೆ ತ್ವಗಿಂದ್ರಿಯ, ಅಂದರೆ ಚರ್ಮ, ಜಂಗಮಲಿಂಗದ ನೆಲೆ. ಇದರಲ್ಲಿ ನಾವು ದೊಡ್ಡ ಅರ್ಥವನ್ನು ಕಾಣುತ್ತೇವೆ. ಜಂಗಮವೆಂದರೆ ಚಲಿಸುವ ಚೈತನ್ಯ, ಜೀವಂತ ಸಮಾಜ. ಸ್ಪರ್ಶಸುಖವನ್ನು ಜಂಗಮಲಿಂಗಕ್ಕೆ ಅರ್ಪಿಸುವ ಭಕ್ತನು ಕಣ್ಣೆದುರಿನ ಮನುಷ್ಯನನ್ನು ಮುಟ್ಟಲು ಹಿಂಜರಿದರೆ ಆ ಅರ್ಪಣೆ ಎಲ್ಲಿ ಸಂದೀತು?

ಆದ್ದರಿಂದ ಭಕ್ತರಲ್ಲಿ ನಮ್ಮ ಕೋರಿಕೆ ಸರಳವಾದುದು. ಮೈಮೇಲೆ ತಿಳಿಬಣ್ಣದ ಅಥವಾ ಕೆಂಪಾದ ಮಚ್ಚೆ ಇದ್ದು, ಅಲ್ಲಿ ಸ್ಪರ್ಶ ತಿಳಿಯದಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ; ಪರೀಕ್ಷೆ ಮತ್ತು ಔಷಧಿ ಅಲ್ಲಿ ಉಚಿತ. ತೊನ್ನನ್ನು ಕುಷ್ಠವೆಂದು ತಪ್ಪಾಗಿ ತಿಳಿಯಬೇಡಿ. ತೊನ್ನಿನಲ್ಲಿ ಸ್ಪರ್ಶಜ್ಞಾನ ಇರುತ್ತದೆ, ಅದು ಅಂಟುವುದೂ ಇಲ್ಲ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ವಿಚಾರಿಸಿದಾಗ ಮುಚ್ಚಿಡಬೇಡಿ. ಗಾಂಧೀಜಿಯವರು ಹುತಾತ್ಮರಾದ ಜನವರಿ 30ರಿಂದ ‘ಸ್ಪರ್ಶ’ ಎಂಬ ಹೆಸರಿನಲ್ಲಿಯೇ ದೇಶದಲ್ಲಿ ಕುಷ್ಠರೋಗ ಅರಿವಿನ ಆಂದೋಲನ ನಡೆಯುತ್ತದೆ. ಆ ಹೆಸರನ್ನು ಸಾರ್ಥಕಗೊಳಿಸುವುದು ಸರ್ಕಾರವೊಂದರಿಂದಲೇ ಆಗದು. ರೋಗ ಗುಣವಾಗಿ ಊರಿಗೆ ಮರಳಿದವರು ದಾಸೋಹದ ಪಂಕ್ತಿಯ ಕೊನೆಯಲ್ಲಿ ಸಂಕೋಚದಿಂದ ಕುಳಿತಿರುವುದನ್ನು ಕಂಡರೆ, ಅವರ ಪಕ್ಕದಲ್ಲಿಯೇ ನಿಮ್ಮ ಎಲೆಯನ್ನು ಹಾಕಿಸಿಕೊಳ್ಳಿ.