ಎರಡು ಗಣಕಯಂತ್ರಗಳ ನಡುವಣ ಮೌನ

ಒಂದೇ ಮನೆಯ ಎರಡು ಗಣಕಯಂತ್ರಗಳನ್ನು ತಂತಿಯಿಂದ ಜೋಡಿಸಿದ್ದರೂ ಅವು ಪರಸ್ಪರ ಮಾತನಾಡದೆ ಉಳಿಯುವುದು ಅಪರೂಪದ ಸಂಗತಿಯಲ್ಲ. ಹಳೆಯ ಯಂತ್ರದಲ್ಲಿ ಮನೆಯ ಹಿರಿಯರು ಹತ್ತಾರು ವರ್ಷ ಕೂಡಿಟ್ಟ ಲೆಕ್ಕಪತ್ರ, ಬರಹ, ಭಾವಚಿತ್ರಗಳಿರುತ್ತವೆ. ಅವನ್ನು ಹೊಸ ಯಂತ್ರಕ್ಕೆ ಸಾಗಿಸಲು ಹೊರಟಾಗ ಪರದೆಯ ಮೇಲೆ ಮೂಡುವುದು ಸಂಪರ್ಕ ದೊರೆಯಲಿಲ್ಲವೆಂಬ ಒಂದೇ ಸಾಲು. ಇಂಥ ವೇಳೆಯಲ್ಲಿ ಬಹುಮಂದಿ ತಂತಿ, ವಿಳಾಸ, ರಕ್ಷಣಾ ವ್ಯವಸ್ಥೆ ಎಲ್ಲವನ್ನೂ ಏಕಕಾಲಕ್ಕೆ ಬದಲಾಯಿಸಿಬಿಡುತ್ತಾರೆ. ಸಂಪರ್ಕ ಬಂದರೂ ಯಾವುದರಿಂದ ಬಂದಿತೆಂಬುದು ಆಗ ತಿಳಿಯದು. ಬಾರದಿದ್ದರೆ ಇದ್ದ ಒಂದು ದೋಷಕ್ಕೆ ಇನ್ನೆರಡು ಸೇರಿಕೊಂಡಿರುತ್ತವೆ. ಪರೀಕ್ಷೆ ತಳದಿಂದ ಮೊದಲಾಗಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು.

ತಳದಲ್ಲಿರುವುದು ತಂತಿ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ರೂಪಿಸಿದ ಈಥರ್‌ನೆಟ್ ಪದ್ಧತಿಯೇ ಇಂದಿಗೂ ಮನೆಯ ಕೇಬಲ್‌ಗಳಲ್ಲಿ ನಡೆಯುತ್ತಿದೆ. ಕೇಬಲ್ಲಿನೊಳಗೆ ಎರಡೆರಡಾಗಿ ಹೆಣೆದ 8 ಎಳೆಗಳಿರುತ್ತವೆ. ಅದನ್ನು ಸಿಕ್ಕಿಸುವ ಕಿಂಡಿಯ ಪಕ್ಕದ ಪುಟ್ಟ ದೀಪ ಉರಿಯದಿದ್ದರೆ ದೋಷವನ್ನು ಕೇಬಲ್ ಅಥವಾ ಕಿಂಡಿಯಲ್ಲಿಯೇ ಮೊದಲು ಹುಡುಕಬೇಕು.

ದೀಪ ಉರಿಯುತ್ತಿದ್ದರೆ ವಿಳಾಸದ ವಿಚಾರ. ಸಾಮಾನ್ಯವಾಗಿ ಮನೆಯ ರೂಟರ್ ಪ್ರತಿ ಯಂತ್ರಕ್ಕೂ ಒಂದು ಅಂಕಿ-ವಿಳಾಸವನ್ನು ಹಂಚುತ್ತದೆ. ಎರಡು ಯಂತ್ರಗಳನ್ನು ನೇರವಾಗಿ ಜೋಡಿಸಿದಾಗ ಹಂಚುವವರೇ ಇಲ್ಲ. ಪ್ರತಿಯೊಂದೂ ಕೆಲಕಾಲ ಕಾದು, 169.254ರಿಂದ ಮೊದಲಾಗುವ ವಿಳಾಸವೊಂದನ್ನು ತಾನೇ ಆರಿಸಿಕೊಳ್ಳುತ್ತದೆ. ಎರಡೂ ಹಾಗೆ ಮಾಡಿದರೆ ಬಾಧಕವಿಲ್ಲ. ಒಂದರಲ್ಲಿ ಮಾತ್ರ ಹಿಂದೆಂದೋ ಕೈಯಿಂದ ಬರೆದ 192.168.1.5 ಉಳಿದಿದ್ದರೆ, ಎದುರಿನದು ಬೇರೆ ಊರಿನದೆಂದು ಅದು ಬಗೆಯುತ್ತದೆ. ಎರಡಕ್ಕೂ 192.168.50.1, 192.168.50.2 ಎಂಬಂತೆ ಒಂದೇ ಬೀದಿಯ ವಿಳಾಸ ಕೊಟ್ಟು, ಜಾಲದ ಮುಸುಕನ್ನು 255.255.255.0 ಎಂದಿಡಬೇಕು. ಹೊಸ ಯಂತ್ರ ಅದೇ ವೇಳೆಗೆ ವೈ-ಫೈಯಲ್ಲಿಯೂ ಇದ್ದರೆ, ಆ ಬೀದಿಯ ಅಂಕಿಗಳನ್ನು ಇಲ್ಲಿ ಬಳಸಬಾರದು. ಯಾವ ದಾರಿ ಹಿಡಿಯಬೇಕೆಂದು ಅದು ಗೊಂದಲಕ್ಕೀಡಾಗುತ್ತದೆ.

ಮುಂದಿನದು ಕೂಗಿ ನೋಡುವ ಪರೀಕ್ಷೆ. ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಇಂಥದೇ ತೊಡಕನ್ನು ಬಿಡಿಸಲು ‘ಪಿಂಗ್’ ಎಂಬ ಕಿರು ಆದೇಶವನ್ನು ಬರೆದರು. ನೀರಿನೊಳಗೆ ಸದ್ದು ಕಳಿಸಿ ಮಾರ್ದನಿಯಿಂದ ವಸ್ತುವನ್ನು ಗುರುತಿಸುವ ಸೋನಾರ್ ಯಂತ್ರದ ದನಿಯೇ ಆ ಹೆಸರಿಗೆ ಮೂಲ. ಉತ್ತರ ಬಂದರೆ ತಂತಿಯೂ ವಿಳಾಸವೂ ನಿರ್ದೋಷಿಗಳು. ಬಾರದಿದ್ದರೆ ಎದುರಿನ ಯಂತ್ರ ಸತ್ತಿದೆಯೆಂದು ತೀರ್ಮಾನಿಸಲಾಗದು. ಕೇಳಿಯೂ ಸುಮ್ಮನಿರುವಂತೆ ಫೈರ್‌ವಾಲ್ ಎಂಬ ಕಾವಲುಗಾರ ಅದನ್ನು ತಡೆದಿರಬಹುದು. ಆದುದರಿಂದ ಎರಡೂ ಕಡೆಯಿಂದ ಕೂಗಬೇಕು. ಹಳೆಯದು ಕೂಗಿದಾಗ ಹೊಸದು ಓಗೊಟ್ಟು, ಹೊಸದು ಕೂಗಿದಾಗ ಹಳೆಯದು ಓಗೊಡದಿದ್ದರೆ ತಂತಿಯನ್ನು ಶಂಕಿಸುವಂತಿಲ್ಲ. ಕೂಗೂ ಉತ್ತರವೂ ಅದರಲ್ಲೇ ಹೋಗಿಬಂದಿವೆ. ತಡೆ ಇರುವುದು ಹಳೆಯ ಯಂತ್ರದ ಬಾಗಿಲಲ್ಲಿ. ಹೊಸ ಕೇಬಲ್ಲಿನ ಹಣ ಇಷ್ಟರಿಂದಲೇ ಉಳಿಯುತ್ತದೆ. ಬೇಸರದಿಂದ ಕಾವಲನ್ನೇ ಶಾಶ್ವತವಾಗಿ ತೆಗೆದುಹಾಕುವವರಿದ್ದಾರೆ, ಅದು ಸಲ್ಲದು. ವಿಂಡೋಸ್ ವ್ಯವಸ್ಥೆಯಲ್ಲಿ ಆ ಜಾಲವನ್ನು ‘ಸಾರ್ವಜನಿಕ’ದಿಂದ ‘ಖಾಸಗಿ’ಗೆ ಬದಲಿಸಿ, ಕಡತಗಳ ಹಂಚಿಕೆಗೆ ಅನುಮತಿ ಕೊಟ್ಟರೆ ಸಾಕು.

ಕೂಗಿಗೆ ಓಗೊಟ್ಟರೂ ಕಡತ ತೆರೆಯದಿದ್ದರೆ ಅದು ಅಧಿಕಾರದ ಪ್ರಶ್ನೆ. ಮನೆಯಲ್ಲಿ ಗುಪ್ತಪದವೇಕೆಂದು ಬಿಟ್ಟಿರುವ ಖಾತೆಗೆ ವಿಂಡೋಸ್ ಜಾಲದ ಮೂಲಕ ಪ್ರವೇಶ ನೀಡುವುದಿಲ್ಲ. ಗುಪ್ತಪದವೊಂದನ್ನಿಟ್ಟ ಕೂಡಲೇ ಬಾಗಿಲು ತೆರೆದ ನಿದರ್ಶನಗಳು ಹಲವು. ಯಂತ್ರ ತೀರ ಹಳೆಯದಾಗಿ, ವಿಂಡೋಸ್ ಎಕ್ಸ್‌ಪಿಯಲ್ಲಿ ನಡೆಯುತ್ತಿದ್ದರೆ ತೊಡಕು ಬೇರೆ. ಅದು ಬಲ್ಲ ಹಂಚಿಕೆಯ ಹಳೆಯ ಭಾಷೆ ಸುರಕ್ಷಿತವಲ್ಲವೆಂದು, 2017ರ ಬಳಿಕದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಅದನ್ನು ಕೈಬಿಡಲಾಗಿದೆ. ಆ ಭಾಷೆಯನ್ನು ಮರಳಿ ತರುವುದಕ್ಕಿಂತ ಪೆನ್‌ಡ್ರೈವಿನಲ್ಲಿ ಕಡತಗಳನ್ನು ಒಯ್ಯುವುದೇ ಲೇಸು. ಹಳೆಯ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರಂತೂ ಜಾಲದ ಗೊಡವೆಗೆ ಹೋಗದೆ, ಮರಳಿ ಸಿಗದ ಭಾವಚಿತ್ರಗಳನ್ನೂ ಬರಹಗಳನ್ನೂ ಅಂದೇ ಬೇರೆಡೆಗೆ ನಕಲು ಮಾಡಿಕೊಳ್ಳಬೇಕು.