ಒಂದು ಕಂಪ್ಯೂಟರ್, ಎರಡು ಕಾರ್ಯಾಚರಣಾ ವ್ಯವಸ್ಥೆ: ಅಭ್ಯಾಸ ಶಾಲೆಯಲ್ಲಿ ಮಾಡುವ ಮುನ್ನ

ಬೋಧನಾಭ್ಯಾಸಕ್ಕೆ ಹೊರಡುವ ತಂಡಗಳಲ್ಲಿ ಒಬ್ಬಿಬ್ಬರಾದರೂ ನನ್ನಲ್ಲಿ ಕೇಳುವ ಪ್ರಶ್ನೆಯೊಂದಿದೆ. "ಸರ್, ನಮಗೆ ಹಂಚಿರುವ ಶಾಲೆಯ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮಾತ್ರ ಇದೆ. ಅದರ ಜೊತೆಗೆ ಉಬುಂಟುವನ್ನೂ ಹಾಕಬಹುದೇ?" ತಾಂತ್ರಿಕವಾಗಿ ಉತ್ತರ ಸುಲಭ: ಹಾಕಬಹುದು, ಒಂದೂವರೆ ಗಂಟೆಯ ಕೆಲಸ. ಆದರೆ ಆ ಕಂಪ್ಯೂಟರ್ ನಮ್ಮದಲ್ಲ. ಎಷ್ಟೋ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿಯ ದಾಖಲೆಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಬಿಸಿಯೂಟದ ಲೆಕ್ಕ, ಶಾಲಾಭಿವೃದ್ಧಿ ಸಮಿತಿಯ ನಡಾವಳಿ ಎಲ್ಲವೂ ಇರುವುದು ಅದೊಂದೇ ಯಂತ್ರದಲ್ಲಿ. ನಾವು ಕೆಲವೇ ವಾರ ಇದ್ದು ಬರುವವರು. ಅವರು ಅದನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಕೆಲಸ ಮಾಡುವವರು. ಹಾಗಾಗಿ ಮಾಡುವ ವಿಧಾನದಷ್ಟೇ, ಪ್ರತಿ ಹೆಜ್ಜೆಯಲ್ಲೂ ಡಿಸ್ಕಿನೊಳಗೆ ಏನಾಗುತ್ತಿದೆ ಎಂಬುದೂ ತಿಳಿದಿರಬೇಕು.

ಮೊದಲು, ಇದು ಬೇಕೇ ಎಂಬ ಪ್ರಶ್ನೆ. ಜಿಯೋಜೀಬ್ರಾ, ಸ್ಟೆಲೇರಿಯಂ, ಲಿಬ್ರೆ ಆಫೀಸ್ ಮೂರೂ ವಿಂಡೋಸ್‌ನಲ್ಲೂ ಉಚಿತವಾಗಿಯೇ ಓಡುತ್ತವೆ. ಅವಕ್ಕಾಗಿ ಮಾತ್ರ ಉಬುಂಟು ಬೇಕಿಲ್ಲ. ನಿಜವಾದ ಕಾರಣ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಹೊಸ ಪೀಳಿಗೆಯ ಪ್ರೊಸೆಸರ್ರೂ ಬೇಕು. ಶಾಲೆಗಳಲ್ಲಿರುವ ಹಳೆಯ ಯಂತ್ರಗಳು ಅಲ್ಲಿಗೇ ನಿಲ್ಲುತ್ತವೆ. ಅಂಥವುಗಳಲ್ಲಿ ಅಂತರ್ಜಾಲದ ಕೆಲಸಕ್ಕೆ ಉಬುಂಟು ಸುರಕ್ಷಿತ ದಾರಿ. ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶದ ಮೇಲೆಯೇ ವರ್ಷಗಳಿಂದ ನಡೆಯುತ್ತಿವೆ.

ಹಾಗಿದ್ದರೆ ವಿಂಡೋಸನ್ನು ಪೂರ್ತಿ ತೆಗೆದುಬಿಡಬಾರದೇಕೆ? ನಮ್ಮಲ್ಲಿ ಅದಕ್ಕೊಂದು ಕನ್ನಡದ್ದೇ ಕಾರಣವಿದೆ: ನುಡಿ. ಹಳೆಯ ನುಡಿ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿ ಮಾಡಿದ ಫಾಂಟುಗಳು ಅವು. ಆ ಫಾಂಟು ಇಲ್ಲದ ಕಡೆ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಮುಖ್ಯೋಪಾಧ್ಯಾಯರು ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಹಾಗೆ ನೋಡಿದರೆ, ನಾವು ಅವನ್ನು ಹಾಳುಮಾಡಿದ್ದೇವೆ ಎಂದೇ ತಿಳಿಯುತ್ತಾರೆ, ಅವರನ್ನು ದೂರುವಂತಿಲ್ಲ. ಆ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರುವವರೆಗೆ ವಿಂಡೋಸ್ ಅಲ್ಲಿರಬೇಕು.

ಪಾಳಿ ಶಾಲೆಯ ಹೋಲಿಕೆ

ಪ್ರಶಿಕ್ಷಣಾರ್ಥಿಗಳಿಗೆ ಇದನ್ನು ವಿವರಿಸಲು ನಾನು ಬಳಸುವುದು ಪಾಳಿ ಶಾಲೆಯ ಉದಾಹರಣೆ. ಒಂದೇ ಕಟ್ಟಡ, ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು. ಬೆಂಚು, ಕರಿಹಲಗೆ, ಗಂಟೆ ಎರಡಕ್ಕೂ ಒಂದೇ. ಬೀರುಗಳು ಮಾತ್ರ ಬೇರೆ ಬೇರೆ. ಒಂದು ಹೊತ್ತಿಗೆ ಒಂದೇ ಶಾಲೆ ನಡೆಯುತ್ತದೆ. ಕಂಪ್ಯೂಟರ್‌ನ ಪ್ರೊಸೆಸರ್, ರ‍್ಯಾಮ್, ಪರದೆ ಇವು ಬೆಂಚು ಕರಿಹಲಗೆಗಳು. ಡಿಸ್ಕಿನ ವಿಭಾಗಗಳು ಬೀರುಗಳು. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಯಂತ್ರವನ್ನು ಮರುಚಾಲನೆ ಮಾಡಲೇಬೇಕು. ವರ್ಚುವಲ್ ಬಾಕ್ಸ್‌ನಂಥ ತಂತ್ರಾಂಶದಲ್ಲಿ ಎರಡನ್ನೂ ಒಟ್ಟಿಗೆ ಓಡಿಸಬಹುದು, ಆದರೆ ಅದು ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸಿದ ಹಾಗೆ. 4 ಜಿಬಿ ರ‍್ಯಾಮಿನಲ್ಲಿ ಎರಡೂ ತೆವಳುತ್ತವೆ.

ಗೇಟಿನಲ್ಲಿ ನಿಂತು "ಈಗ ಯಾವ ಶಾಲೆ?" ಎಂದು ಕೇಳುವ ಕಾವಲುಗಾರನೇ ಗ್ರಬ್. ಗುಂಡಿ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಬಯಾಸ್, ಹೊಸತರಲ್ಲಿ ಯುಇಎಫ್‌ಐ. ಅದಕ್ಕೆ ವಿಂಡೋಸೂ ಗೊತ್ತಿಲ್ಲ, ಉಬುಂಟುವೂ ಗೊತ್ತಿಲ್ಲ. ಡಿಸ್ಕಿನ ನಿಗದಿತ ಜಾಗದಲ್ಲಿರುವ ಒಂದು ಪುಟ್ಟ ಪ್ರೋಗ್ರಾಮಿಗೆ ಅದು ಕೈ ಬದಲಿಸುತ್ತದೆ, ಅಷ್ಟೆ. ಆ ಪುಟ್ಟ ಪ್ರೋಗ್ರಾಂ ಗ್ರಬ್ ಆಗಿದ್ದರೆ ಪಟ್ಟಿ ತೋರಿಸಿ, ಸಾಮಾನ್ಯವಾಗಿ 10 ಸೆಕೆಂಡು ಕಾದು, ನಾವು ಆರಿಸಿದ್ದನ್ನು ಎಬ್ಬಿಸುತ್ತದೆ.

ವಿಂಡೋಸ್ ಮೊದಲು, ಉಬುಂಟು ಆಮೇಲೆ ಎಂಬ ನಿಯಮ ಬಂದದ್ದೂ ಇಲ್ಲಿಂದಲೇ. ಉಬುಂಟುವಿನ ಸ್ಥಾಪಕ ಡಿಸ್ಕಿನಲ್ಲಿ ಬೇರೆ ಯಾರಿದ್ದಾರೆ ಎಂದು ಹುಡುಕಿ ಅವರನ್ನೂ ಪಟ್ಟಿಗೆ ಸೇರಿಸುತ್ತದೆ. ವಿಂಡೋಸಿನ ಸ್ಥಾಪಕ ಹಾಗೆ ಹುಡುಕುವುದಿಲ್ಲ. ಗೇಟಿನಲ್ಲಿ ತನ್ನ ಕಾವಲುಗಾರನನ್ನೇ ನಿಲ್ಲಿಸುತ್ತದೆ. ಉಬುಂಟು ಅಳಿಸಿಹೋಗಿರುವುದಿಲ್ಲ, ಅದರ ಬಾಗಿಲು ತೋರಿಸುವವರು ಇರುವುದಿಲ್ಲ.

ಹೋಲಿಕೆ ಒಂದು ಕಡೆ ಮುರಿಯುತ್ತದೆ. ಅದನ್ನೂ ತರಗತಿಯಲ್ಲಿ ಹೇಳಬೇಕು. ಪಾಳಿ ಶಾಲೆಗಳು ಪರಸ್ಪರರ ಬೀರು ತೆರೆಯುವುದಿಲ್ಲ. ಇಲ್ಲಿ ಉಬುಂಟುವಿಗೆ ವಿಂಡೋಸಿನ ಎನ್‌ಟಿಎಫ್‌ಎಸ್ ಬೀರನ್ನು ತೆರೆದು ಓದಲು, ಬರೆಯಲು ಬರುತ್ತದೆ. ಉಬುಂಟುವಿನ ಎಕ್ಸ್ಟ್‌4 ಬೀರು ವಿಂಡೋಸಿಗೆ ಅರ್ಥವಾಗುವುದಿಲ್ಲ. ಕೆಲವೊಮ್ಮೆ "ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು" ಎಂಬ ಸಂದೇಶವನ್ನೂ ವಿಂಡೋಸ್ ತೋರಿಸುತ್ತದೆ. ಒತ್ತಿದರೆ ಉಬುಂಟುವೇ ಹೋಯಿತು. ಎರಡೂ ಕಡೆ ಬೇಕಾದ ಪಾಠಯೋಜನೆ, ಚಿತ್ರಗಳನ್ನು ಎನ್‌ಟಿಎಫ್‌ಎಸ್ ವಿಭಾಗದಲ್ಲೇ ಇಡುವುದು ಇದಕ್ಕಾಗಿ.

ಜಾಗ ಬಿಡಿಸುವುದು

ಮುಖ್ಯೋಪಾಧ್ಯಾಯರ ಅನುಮತಿ ಲಿಖಿತವಾಗಿರಲಿ. ದಾಖಲೆಗಳ ಪ್ರತಿ ಆ ಯಂತ್ರದಿಂದ ಹೊರಗೆ, ಬೇರೊಂದು ಡಿಸ್ಕಿನಲ್ಲಿರಲಿ. ಅದೇ ಡಿಸ್ಕಿನ ಡಿ ಡ್ರೈವ್‌ಗೆ ನಕಲು ಮಾಡಿದ್ದು ಪ್ರತಿಯಲ್ಲ. ನಕಲಾದ ಮೇಲೆ ನಾಲ್ಕಾರು ಕಡತಗಳನ್ನು ತೆರೆದು ನೋಡಿ. ವಿದ್ಯುತ್ ವಿಚಾರ ನಮ್ಮ ಊರುಗಳಲ್ಲಿ ಮರೆಯುವಂತಿಲ್ಲ: ವಿಭಾಗ ಕುಗ್ಗಿಸುವ ನಡುವೆ ಕರೆಂಟು ಹೋದರೆ ಡಿಸ್ಕಿನ ಲೆಕ್ಕ ಅರ್ಧಕ್ಕೇ ನಿಲ್ಲಬಹುದು. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಆ ದಿನ ಆ ಕೆಲಸ ಬೇಡ.

ಅನಂತರ ವಿಂಡೋಸಿನಲ್ಲಿ ಮೂರು ವಿಷಯ ನೋಡಬೇಕು. ಮೊದಲನೆಯದು ಬಿಟ್‌ಲಾಕರ್. ಡಿಸ್ಕ್ ಗೂಢಲಿಪಿಯಲ್ಲಿದ್ದರೆ, ಬೂಟ್ ವ್ಯವಸ್ಥೆ ಬದಲಾದೊಡನೆ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಕೇಳುತ್ತದೆ. ಕೀಲಿ ಯಾರ ಖಾತೆಯಲ್ಲಿದೆಯೋ ಆ ಶಿಕ್ಷಕರು ವರ್ಗವಾಗಿ ಹೋಗಿದ್ದರೆ ದತ್ತಾಂಶ ಕಣ್ಣೆದುರಿದ್ದೂ ಸಿಗುವುದಿಲ್ಲ. ಕೀಲಿಯನ್ನು ಬರೆದಿಟ್ಟುಕೊಂಡು, ಬಿಟ್‌ಲಾಕರ್ ತೆಗೆದ ಮೇಲೆಯೇ ಮುಂದಿನ ಕೆಲಸ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಇದ್ದಾಗ "ಶಟ್‌ಡೌನ್" ಎಂದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಬೆಳಗಿನ ಶಾಲೆಯವರು ಹಾಜರಿ ಪುಸ್ತಕವನ್ನು ಅರ್ಧ ಬರೆದು ಮೇಜಿನ ಮೇಲೆ ತೆರೆದಿಟ್ಟು ಹೋದಂತೆ. ಮಧ್ಯಾಹ್ನದವರು ಅದರಲ್ಲಿ ಏನಾದರೂ ಬರೆದರೆ ಮರುದಿನ ಲೆಕ್ಕ ತಾಳೆಯಾಗದು. ಹೀಗಿರುವ ವಿಭಾಗವನ್ನು ಉಬುಂಟು ಓದಲಷ್ಟೇ ತೆರೆಯುತ್ತದೆ, ಇಲ್ಲವೇ ತೆರೆಯಲು ಒಪ್ಪುವುದಿಲ್ಲ. "ಕಡತ ಉಳಿಸಲು ಆಗುತ್ತಿಲ್ಲ ಸರ್" ಎಂದು ಬರುವ ಫೋನುಗಳಲ್ಲಿ ಹೆಚ್ಚಿನವು ಇದರವೇ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಗುಂಡಿಗಳ ಆಯ್ಕೆಯೊಳಗೆ ಹೋಗಿ ಅದರ ಗುರುತು ತೆಗೆಯಬೇಕು.

ಮೂರನೆಯದು, ಸಿಸ್ಟಂ ಇನ್‌ಫರ್ಮೇಶನ್‌ನಲ್ಲಿ ಬಯಾಸ್ ಮೋಡ್ ಯುಇಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ. ವಿಂಡೋಸ್ ಯಾವ ರೀತಿಯಲ್ಲಿದೆಯೋ ಉಬುಂಟುವಿನ ಪೆನ್‌ಡ್ರೈವನ್ನೂ ಅದೇ ರೀತಿಯಲ್ಲಿ ಎಬ್ಬಿಸಬೇಕು. ಲೆಗಸಿ ಯಂತ್ರಗಳ ಡಿಸ್ಕ್ ಸಾಮಾನ್ಯವಾಗಿ ಎಂಬಿಆರ್ ಪದ್ಧತಿಯದು. ಅದರಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರಾಥಮಿಕ ವಿಭಾಗಗಳಿಗೆ ಅವಕಾಶವಿಲ್ಲ. ಮಾರಾಟಗಾರರೇ ನಾಲ್ಕನ್ನೂ ತುಂಬಿಸಿ ಕೊಟ್ಟಿರುವುದುಂಟು. ಐದನೆಯದನ್ನು ಮಾಡಹೊರಟರೆ "ಡೈನಮಿಕ್ ಡಿಸ್ಕ್ ಆಗಿ ಬದಲಿಸಲೇ" ಎಂದು ವಿಂಡೋಸ್ ವಿನಯದಿಂದ ಕೇಳುತ್ತದೆ. ಅಷ್ಟೇ ವಿನಯದಿಂದ ಬೇಡವೆನ್ನಿ. ಬದಲಿಸಿದರೆ ಅಲ್ಲಿ ಉಬುಂಟು ಹಾಕುವುದು ತೊಡಕಾಗುತ್ತದೆ.

ಇನ್ನು ಕುಗ್ಗಿಸುವುದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಡ್ರೈವ್ ಮೇಲೆ ಬಲಗುಂಡಿ ಒತ್ತಿ, ಶ್ರಿಂಕ್ ವಾಲ್ಯೂಮ್. ಗಣಿತದವರು ಇಲ್ಲಿ ಸ್ವಲ್ಪ ನಿಲ್ಲಬೇಕು. 500 ಜಿಬಿ ಎಂದು ಬರೆದಿರುವ ಡಿಸ್ಕನ್ನು ವಿಂಡೋಸ್ 465 ಜಿಬಿ ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರಿಗೆ ಒಂದು ಜಿಬಿ ಎಂದರೆ 1000ದ ಮೂರನೆಯ ಘಾತ, ನೂರು ಕೋಟಿ ಬೈಟು; ವಿಂಡೋಸಿಗೆ 1024ರ ಮೂರನೆಯ ಘಾತ, 107 ಕೋಟಿಗಿಂತ ಹೆಚ್ಚು. ನೀವು 100 ಜಿಬಿ ಬಿಡಿಸಲು 100 × 1024, ಅಂದರೆ 102400 ಎಂಬಿ ಎಂದು ಕೊಟ್ಟರೆ, ದಶಮಾನದಲ್ಲಿ ಎಣಿಸುವ ಉಬುಂಟು ಅದನ್ನೇ 107 ಜಿಬಿ ಎಂದು ತೋರಿಸುತ್ತದೆ. ಏಳು ಜಿಬಿ ಎಲ್ಲಿಂದ ಬಂತೆಂದು ಗಾಬರಿಯಾಗಬೇಕಿಲ್ಲ. ಘಾತಾಂಕಗಳ ಪಾಠಕ್ಕೆ ಇದಕ್ಕಿಂತ ಜೀವಂತ ಲೆಕ್ಕ ನನಗೆ ಸಿಕ್ಕಿಲ್ಲ.

ಖಾಲಿ ಜಾಗ ಬಹಳವಿದ್ದರೂ ವಿಂಡೋಸ್ ಸ್ವಲ್ಪವೇ ಬಿಡಿಸಿಕೊಡುವುದುಂಟು. ಪೇಜ್ ಫೈಲ್‌ನಂಥ ಅಲ್ಲಾಡಿಸಲಾಗದ ಕಡತಗಳು ನಡುವೆ ಕೂತಿರುವುದು ಕಾರಣ. ಉಬುಂಟುವಿಗೆ 25 ಜಿಬಿ ಕನಿಷ್ಠ; 50 ಇದ್ದರೆ ಶಾಲೆಯ ಕೆಲಸಕ್ಕೆ ಧಾರಾಳ. ಬಿಡಿಸಿದ ಜಾಗವನ್ನು ಫಾರ್ಮ್ಯಾಟ್ ಮಾಡದೆ ಹಾಗೆಯೇ ಬಿಡಿ.

ಸ್ಥಾಪನೆಯ ಆ ಒಂದು ಪರದೆ

8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಮೂಲಕ ಉಬುಂಟುವಿನ ಕಡತ ಬರೆದು, ಅದರಿಂದ ಯಂತ್ರ ಎಬ್ಬಿಸಿದರೆ, ಸ್ಥಾಪಿಸದೆಯೇ ಬಳಸಿ ನೋಡುವ ಆಯ್ಕೆ ಬರುತ್ತದೆ. ಇದನ್ನು ಬಿಡಬೇಡಿ. ಡಿಸ್ಕನ್ನು ಮುಟ್ಟದೆ ಪರದೆ, ಧ್ವನಿ, ವೈಫೈ, ಪ್ರೊಜೆಕ್ಟರ್ ಎಲ್ಲವನ್ನೂ ಪರೀಕ್ಷಿಸಬಹುದು. ಒಂದೆರಡು ಪಾಠಕ್ಕಾಗಿ ಮಾತ್ರ ಉಬುಂಟು ಬೇಕಿದ್ದವರು ಇಲ್ಲಿಗೇ ನಿಲ್ಲುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಪಾಠ ಮುಗಿದ ಮೇಲೆ ಪೆನ್‌ಡ್ರೈವ್ ಕಿತ್ತರೆ ಶಾಲೆಯ ಯಂತ್ರ ಇದ್ದಂತೆಯೇ ಇರುತ್ತದೆ.

ಸ್ಥಾಪಿಸುವುದೇ ಆದರೆ, ಭಾಷೆ, ಕೀಲಿಮಣೆ, ಸಮಯವಲಯದ ಪರದೆಗಳು ಸುಲಭ. ಒಂದು ಪರದೆಯಲ್ಲಿ ಮಾತ್ರ ಕೈ ಮೌಸಿನಿಂದ ತೆಗೆದು ಗಟ್ಟಿಯಾಗಿ ಓದಬೇಕು. ಅಲ್ಲಿ ಎರಡು ಆಯ್ಕೆಗಳು ಹತ್ತಿರ ಹತ್ತಿರವೇ ಇರುತ್ತವೆ: ವಿಂಡೋಸ್ ಜೊತೆಯಲ್ಲಿ ಸ್ಥಾಪಿಸುವುದು, ಡಿಸ್ಕ್ ಅಳಿಸಿ ಸ್ಥಾಪಿಸುವುದು. ಎರಡನೆಯದು ಸಿ ಡ್ರೈವನ್ನಷ್ಟೇ ಅಲ್ಲ, ಡಿ, ಇ ಎಲ್ಲವನ್ನೂ ಅಳಿಸುತ್ತದೆ. ಒಂದು ಶಾಲೆಯಲ್ಲಿ ಹಾಗೆ ಒತ್ತಿದ್ದರಿಂದ ಎಂಟು ವರ್ಷದ ಪ್ರಶ್ನೆಪತ್ರಿಕೆಗಳು ಹೋದದ್ದನ್ನು ನಾನು ಬಲ್ಲೆ. ಡಿ ಡ್ರೈವಿನಲ್ಲಿದ್ದುದರಿಂದ ಅವು ಕ್ಷೇಮವೆಂದು ಎಲ್ಲರೂ ನಂಬಿದ್ದರು. ಮೊದಲ ಆಯ್ಕೆ ಕಾಣದೇ ಹೋದರೆ, ಪೆನ್‌ಡ್ರೈವ್ ತಪ್ಪು ಮೋಡಿನಲ್ಲಿ ಎದ್ದಿದೆ ಅಥವಾ ಬಿಟ್‌ಲಾಕರ್ ಇನ್ನೂ ಇದೆ ಎಂದು ಶಂಕಿಸಿ, ಹಿಂದಕ್ಕೆ ಬನ್ನಿ. ಊಹೆಯ ಮೇಲೆ ಮುಂದೆ ಹೋಗಬೇಡಿ.

ಗಡಿಯಾರದ ಪಾಠ

ಎಲ್ಲ ಮುಗಿದು ಮರುದಿನ ವಿಂಡೋಸಿಗೆ ಹೋದರೆ ಬೆಳಿಗ್ಗೆ ಹತ್ತು ಗಂಟೆಗೆ ಗಡಿಯಾರ ನಾಲ್ಕೂವರೆ ತೋರಿಸಬಹುದು. ಸಮಾಜ ವಿಜ್ಞಾನದವರಿಗೆ ಇದು ಕೈಗೆ ಬಂದ ಪಾಠೋಪಕರಣ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆ ಎಂಬುದು ವಿಂಡೋಸಿನ ತಿಳಿವಳಿಕೆ. ಅದರಲ್ಲಿ ಇರಬೇಕಾದ್ದು ಸಾರ್ವತ್ರಿಕ ಸಮಯ ಎಂಬುದು ಉಬುಂಟುವಿನದು. ಉಬುಂಟು ಐದೂವರೆ ಗಂಟೆ ಕಳೆದು ಬರೆಯುತ್ತದೆ. ವಿಂಡೋಸ್ ಅದನ್ನೇ ನಮ್ಮ ಸಮಯವೆಂದು ಓದುತ್ತದೆ. ಐದೂವರೆಯೇ ಏಕೆ? ನಮ್ಮ ಪ್ರಮಾಣ ರೇಖಾಂಶ 82.5 ಡಿಗ್ರಿ ಪೂರ್ವ. ಗಂಟೆಗೆ 15 ಡಿಗ್ರಿಯಂತೆ ಭಾಗಿಸಿದರೆ 5.5. ಪಾಠ ಮುಗಿದ ಮೇಲೆ, ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯವೆಂದೇ ಪರಿಗಣಿಸುವಂತೆ ಟರ್ಮಿನಲ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟರೆ ಸಮಸ್ಯೆ ನಿಲ್ಲುತ್ತದೆ. ಇಲ್ಲದಿದ್ದರೆ ಕಚೇರಿಯ ಕಡತಗಳ ಮೇಲೆಲ್ಲ ತಪ್ಪು ವೇಳೆ ಬೀಳುತ್ತದೆ.

ಉಬುಂಟುವಿನಲ್ಲಿ ಕನ್ನಡ ಬೆರಳಚ್ಚಿಗೆ ಐಬಸ್ ಮೂಲಕ ಕೆಜಿಪಿ ಕೀಲಿಮಣೆ ಸೇರಿಸಿ. ನುಡಿಯದೇ ವಿನ್ಯಾಸ, ಬರೆಯುವುದು ಯೂನಿಕೋಡ್‌ನಲ್ಲಿ. ಶಿಕ್ಷಕರ ಬೆರಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರುವುದಿಲ್ಲ.

ಬೋಧನಾಭ್ಯಾಸ ಮುಗಿಸಿ ಹೊರಡುವಾಗ ಶಾಲೆಯವರು ಉಬುಂಟು ಬೇಡವೆಂದರೆ ತೆಗೆಯುವುದಕ್ಕೂ ಕ್ರಮವಿದೆ. ಮೊದಲು ಗೇಟಿಗೆ ವಿಂಡೋಸಿನ ಕಾವಲುಗಾರನನ್ನು ಮರಳಿ ತರಬೇಕು: ಯುಇಎಫ್‌ಐ ಯಂತ್ರದಲ್ಲಿ ಬೂಟ್ ಕ್ರಮದ ಮೊದಲ ಸ್ಥಾನಕ್ಕೆ ವಿಂಡೋಸ್ ಬೂಟ್ ಮ್ಯಾನೇಜರ್, ಲೆಗಸಿ ಯಂತ್ರದಲ್ಲಿ ವಿಂಡೋಸ್ ರಿಪೇರಿ ಡಿಸ್ಕಿನಿಂದ ಬೂಟ್ ದಾಖಲೆಯ ಮರುಸ್ಥಾಪನೆ. ಉಬುಂಟು ವಿಭಾಗಗಳನ್ನು ಅಳಿಸುವುದು ಆಮೇಲೆ. ಕ್ರಮ ತಲೆಕೆಳಗಾದರೆ ಲೆಗಸಿ ಯಂತ್ರದಲ್ಲಿ ಕಪ್ಪು ಪರದೆಯ ಮೇಲೆ ಗ್ರಬ್ ರೆಸ್ಕ್ಯೂ ಎಂಬ ಸಾಲು ಮಾತ್ರ ಉಳಿಯುತ್ತದೆ. ಇಟ್ಟುಕೊಳ್ಳುತ್ತೇವೆ ಎಂದರೆ, ಯಂತ್ರ ಹೊತ್ತಿಸಿದಾಗ ಬರುವ ಪಟ್ಟಿಯಲ್ಲಿ ಯಾವ ಸಾಲು ಯಾವುದಕ್ಕೆ, ಪಾಸ್‌ವರ್ಡ್ ಯಾರ ಬಳಿ ಇದೆ, ದಾಖಲೆಗಳ ಪ್ರತಿ ಯಾವ ಬೀರುವಿನಲ್ಲಿದೆ ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಟಿಸಿ, ಅದರ ಇನ್ನೊಂದು ಪ್ರತಿಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಬನ್ನಿ.