ಹಳ್ಳಿ ಶಾಲೆಗೆ ಹೋಗುವ ಮುನ್ನ ಪಕ್ಕದ ಶೆಡ್ ನೋಡಿ

ಐಟಿಯಲ್ಲಿರುವವರಿಗೆ ಈ ಮೇಲ್ ಹೊಸದಲ್ಲ: ‘ಈ ವೀಕೆಂಡ್ ಹಳ್ಳಿ ಶಾಲೆಗೆ ಹೋಗೋಣ. ಬಸ್ಸು, ಊಟ, ಟೀ ಶರ್ಟ್ ಎಲ್ಲಾ ಕಂಪನಿಯದ್ದೇ.’ 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಹಾಗಾಗಿ ಇಂಥ ಟ್ರಿಪ್‌ಗಳಿಗೆ ಬರವಿಲ್ಲ. ನಾನೂ ನಾಲ್ಕೈದು ಸಲ ಹೋಗಿದ್ದೇನೆ.

ಒಂದು ಸಲ ಹೋಗಿದ್ದು ಯಾದಗಿರಿ ಜಿಲ್ಲೆಗೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94 ಪಡೆದು ಮೊದಲ ಸ್ಥಾನದಲ್ಲಿದ್ದರೆ, ಶೇ 50ರ ಆಸುಪಾಸಿನಲ್ಲಿ ಕೊನೆಗೆ ನಿಂತಿದ್ದು ಇದೇ ಯಾದಗಿರಿ. ರಾತ್ರಿಯಿಡೀ ಪ್ರಯಾಣ ಮಾಡಿ ಶನಿವಾರ ಬೆಳಿಗ್ಗೆ ತಲುಪಿದೆವು. ಶನಿವಾರ ಅಂದ್ರೆ ಬೆಳಗಿನ ಶಾಲೆ. ನಾವು ತಿಂಡಿ ಮುಗಿಸಿ ಬ್ರಷ್ ಹಿಡಿಯುವಷ್ಟರಲ್ಲಿ ಮಕ್ಕಳು ಮನೆಗೆ ಹೊರಡುವ ಹೊತ್ತು.

ಪೆನ್ಸಿಲ್ ಬಾಕ್ಸ್ ಹಂಚುವಾಗ ಹನ್ನೆರಡು ಉಳಿದವು. ಲೆಕ್ಕ ತಪ್ಪಿತಾ ಅಂತ ಹೆಡ್‌ಮಾಸ್ಟರನ್ನು ಕೇಳಿದೆ. ಅವರು ಹಾಜರಿ ಪುಸ್ತಕ ತೆಗೆದು ತೋರಿಸಿದರು.

‘ಗ್ವಾಡಿಗೆ ಬಣ್ಣ ಹಚ್ಚೀರಿ, ಚಲೋ ಆತ್ರಿ ಸರ. ಆದ್ರ ಈ ಹನ್ನೆರಡು ಹುಡುಗ್ರು ಊರಾಗ ಇಲ್ರಿ. ಅವ್ವ ಅಪ್ಪನ ಜೋಡಿ ಗುಳೆ ಹೋಗ್ಯಾರ. ನಿಮ್ಮ ಬೆಂಗ್ಳೂರಾಗೇ ಅದಾರ.’

ಯಾದಗಿರಿ, ರಾಯಚೂರು ಕಡೆ ಮಳೆಯಾಶ್ರಿತ ಹೊಲದ ಕೆಲಸ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಮನೆಯಲ್ಲಿ ನೋಡಿಕೊಳ್ಳಲು ಅಜ್ಜಿ, ತಾತ ಇಲ್ಲದಿದ್ದರೆ ಮಕ್ಕಳೂ ಜೊತೆಗೆ. ಹೋದ ಮಗು ಮುಂಗಾರಿನ ಹೊತ್ತಿಗೆ ವಾಪಸ್ ಬಂದರೂ ಪಾಠ ಅಷ್ಟು ಮುಂದೆ ಹೋಗಿರುತ್ತದೆ. ಎರಡು ಮೂರು ವರ್ಷ ಹೀಗೇ ಆದರೆ ಶಾಲೆಯೇ ಬಿಟ್ಟುಹೋಗುತ್ತದೆ. ನಾವು ಬಳಿದ ಬಣ್ಣ ಇದನ್ನು ತಡೆಯೋದಿಲ್ಲ.

ತಡೆಯಲು ದಾರಿ ಇದೆ, ಅದೂ ನಮ್ಮ ಆಫೀಸಿನ ಹತ್ತಿರವೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಟಿಸಿ ಬಂದಿಲ್ಲ, ಜನನ ಪ್ರಮಾಣಪತ್ರ ಇಲ್ಲ, ವರ್ಷದ ಮಧ್ಯೆ ಬಂದಿದ್ದೀರಿ ಅಂತ ಸೇರಿಸದೆ ಕಳಿಸುವಂತಿಲ್ಲ. ಆದರೆ ತಗಡಿನ ಶೆಡ್‌ನಲ್ಲಿರುವ, ದಿನಗೂಲಿ ಬಿಟ್ಟರೆ ಒಲೆ ಉರಿಯದ ಅಪ್ಪ ಅಮ್ಮನಿಗೆ ಇದು ಗೊತ್ತಿರೋದಿಲ್ಲ. ಗೊತ್ತಿದ್ದರೂ ಶಾಲೆ ಹುಡುಕಿ ಹೋಗಲು ಬಿಡುವಿಲ್ಲ.

ಆ ಬಿಡುವು ನಮಗಿದೆ. ಕನ್ನಡವೂ ಬರುತ್ತದೆ. ನಾವು ಮಾಡಬಹುದಾದ್ದು ಇಷ್ಟು:

• ಹಳ್ಳಿ ಶಾಲೆಗೆ ಹೋಗುವ ಮೊದಲೇ ಹೆಡ್‌ಮಾಸ್ಟರಿಗೆ ಫೋನ್ ಮಾಡಿ. ಗುಳೆ ಹೋದ ಮಕ್ಕಳೆಷ್ಟು, ಎಲ್ಲಿದ್ದಾರೆ ಕೇಳಿ. ಪಾಲಕರ ಮೊಬೈಲ್ ನಂಬರ್ ಸಾಮಾನ್ಯವಾಗಿ ಅವರ ಹತ್ತಿರ ಇರುತ್ತದೆ. ಪಾಲಕರು ಒಪ್ಪಿದರೆ ಅವರೇ ಮಾತಾಡಿಸಿಕೊಡಲಿ.

• ಇಲ್ಲಿ ಹತ್ತಿರದ ಸರ್ಕಾರಿ ಶಾಲೆಗೆ ಅಪ್ಪ ಅಮ್ಮನ ಜೊತೆ ನೀವೂ ಹೋಗಿ. ಸೇರಿಸಿಕೊಳ್ಳದಿದ್ದರೆ ಬಿಇಒ ಕಚೇರಿಗೆ ಲಿಖಿತ ಅರ್ಜಿ ಕೊಡಿ.

• ಸೈಟ್ ದಾಟಿ ಶಾಲೆಗೆ ಹೋಗಿಬರುವ ವ್ಯವಸ್ಥೆಯೇ ದೊಡ್ಡ ತೊಡಕು. ಕಂಪನಿಯ ಬಸ್ಸಿನ ದುಡ್ಡನ್ನು ಮಕ್ಕಳ ಆಟೋಗೆ ಹಾಕುವಂತೆ ಕೇಳಿ.

• ಊರಿಗೆ ಹೊರಟಾಗ ಇಲ್ಲಿ ಕಲಿತ ದಾಖಲೆ ಆ ಹೆಡ್‌ಮಾಸ್ಟರಿಗೆ ತಲುಪಿತಾ ಅಂತ ಒಂದು ಫೋನ್ ಮಾಡಿ.

ಇದರಲ್ಲಿ ಗ್ರೂಪ್ ಫೋಟೋ ಇಲ್ಲ, ಒಂದೇ ದಿನದಲ್ಲಿ ಮುಗಿಯುವುದೂ ಇಲ್ಲ. ಒಂದು ಮಗುವಿಗೆ ಆರು ತಿಂಗಳಾದರೂ ಬೆನ್ನುಬೀಳಬೇಕು. ಮುಂದಿನ ಮೇಲ್ ಬಂದಾಗ ‘ಯಾವ ಊರಿಗೆ?’ ಅನ್ನುವುದರ ಜೊತೆಗೆ ‘ಆ ಊರಿನ ಯಾವ ಮಕ್ಕಳು ಇಲ್ಲಿದ್ದಾರೆ?’ ಅಂತಲೂ ರಿಪ್ಲೈ ಮಾಡಿ ನೋಡಿ.